ಗೋಡೆಯ ಕಡೆಯ ಮಗ್ಗುಲು

ಮಧ್ಯಾಹ್ನದ ಊಟವಾದ ಮೇಲೆ ಗರಿಯಮ್ಮ ವಸ್ತುಸಂಗ್ರಹಾಲಯದ ನೆಲಮಾಳಿಗೆಯ ಬೆಂಚಿನ ಮೇಲೆ ಕಾಲು ಗಂಟೆ ಒರಗುತ್ತಿದ್ದಳು. ಅದನ್ನು ಯಾರಾದರೂ ನಿದ್ದೆ ಎಂದರೆ ಅವಳಿಗೆ ಎಲ್ಲಿಲ್ಲದ ಕೋಪ. "ಕಣ್ಣಿಗೆ ರಜೆ ಕೊಡ್ತೀನಿ ಅಷ್ಟೆ," ಎನ್ನುತ್ತಿದ್ದಳು. ಆ ರಜೆಯಲ್ಲಿ, ಕಳೆದ ಏಳು ತಿಂಗಳಿಂದ ದಿನ ತಪ್ಪದೆ, ಒಂದು ಪ್ರಾಣಿ ಬರುತ್ತಿತ್ತು. ನೀರಿಲ್ಲದ ಹೊಳೆಯ ಮರಳಿನ ಮೇಲೆ ಎರಡೇ ಕಾಲಿನಲ್ಲಿ, ಸದ್ದಿಲ್ಲದೆ, ಬಲಗಡೆಯಿಂದ ಎಡಗಡೆಗೆ ನಡೆದು ಹೋಗುತ್ತಿತ್ತು. ಉದ್ದನೆಯ ಕತ್ತು, ಅದಕ್ಕಿಂತ ಉದ್ದನೆಯ ಬಾಲ. ಗಾಳಿ ಬೀಸಿದಾಗ ಅದರ ಮೈಮೇಲಿನ ನವಿರು ಒಣಹುಲ್ಲಿನ ಹಾಗೆ ಒಂದೇ ಕಡೆಗೆ ಬಾಗುತ್ತಿತ್ತು. ಅದು ಯಾವತ್ತೂ ನಿಂತದ್ದಿಲ್ಲ, ತಿರುಗಿದ್ದಿಲ್ಲ. ಅವಳು ಕಂಡದ್ದು ಅದರ ಎಡಮಗ್ಗುಲು ಮಾತ್ರ. ಎದ್ದು ಮುಖ ತೊಳೆದುಕೊಂಡು, ಕಂಡದ್ದು ಮರೆಯುವ ಮುಂಚೆ ಚಿಮಟ ಹಿಡಿಯುತ್ತಿದ್ದಳು.

ಗರಿಯಮ್ಮ ಎಂದರೆ ಆ ಸಂಗ್ರಹಾಲಯದಲ್ಲಿ ಸತ್ತ ಹಕ್ಕಿಗಳಿಗೆ ಮತ್ತೆ ಗರಿ ಜೋಡಿಸುವವಳು. ಹುಳು ತಿಂದ ಹದ್ದಿಗೆ ರೆಕ್ಕೆ, ಬಣ್ಣ ಮಾಸಿದ ಗಿಳಿಗೆ ಬಾಲ, ಕೊರಳು ಬೋಳಾದ ಕೊಕ್ಕರೆಗೆ ತುಪ್ಪುಳು. ಮೂವತ್ತಾರು ವರ್ಷದಿಂದ ಇದೇ ಕೆಲಸ. ಅವಳ ಗಂಡ ಎರಡು ಬೀದಿ ಆಚೆ ಕ್ಷೌರದಂಗಡಿ ಇಟ್ಟವನು. ಗಿರಾಕಿಗಳಿಗೆಲ್ಲ ಅವನದು ಒಂದೇ ಮಾತು: "ನಾನು ದಿನವಿಡೀ ಕತ್ತರಿಸ್ತೀನಿ, ನಮ್ಮವಳು ದಿನವಿಡೀ ಅಂಟಿಸ್ತಾಳೆ. ಲೋಕದ ಕೂದಲು ಹೇಗೋ ಸರಿದೂಗಿಕೊಂಡು ಹೋಗ್ತಾ ಇದೆ."

ಅವಳಿಗೂ ಮುಂಚೆ ಆ ಬೆಂಚಿನಲ್ಲಿ ಕೂತು ಕೆಲಸ ಮಾಡಿದವನು ಅವಳ ಅಪ್ಪ. ಅವನು ಕಲಿಸಿದ ಮೊದಲ ಪಾಠ ಗರಿ ಹಿಡಿಯುವುದಲ್ಲ, ಗರಿ ಉಳಿಸುವುದು. ಮೇಲಿನ ಹಕ್ಕಿಗಳೆಲ್ಲ ಗೋಡೆಗೆ ಒರಗಿಸಿದ ಗಾಜಿನ ಬೀರುಗಳಲ್ಲಿ ನಿಂತವು. ಗಾಜಿನ ಕಡೆಯ ಮಗ್ಗುಲಿಗೆ ಮಾತ್ರ ಗರಿ. ಗೋಡೆಯ ಕಡೆಗೆ ಹಳೆ ಪತ್ರಿಕೆ ತುರುಕಿ, ಕಪ್ಪು ದಾರದಲ್ಲಿ ಉದ್ದುದ್ದ ಹೊಲಿಗೆ ಹಾಕಿ ಬಿಟ್ಟುಬಿಡುವುದು. ಸೋಮಾರಿತನವೆಂದು ಯಾರೂ ತಿಳಿಯಬಾರದು. ಪ್ರತಿ ಗರಿಯನ್ನೂ ಯಾವುದೋ ಸತ್ತ ಹಕ್ಕಿಯಿಂದ ಬೇಡಿ ತರಬೇಕಾದ ಕಸುಬಿನಲ್ಲಿ ಗೋಡೆಗೆ ಸಿಂಗಾರ ಮಾಡುವುದು ಪಾಪವಾಗಿತ್ತು. "ಗೋಡೆಗೆ ಕಿವಿ ಇದೆ ಅಂತಾರೆ ಮಗಾ," ಎನ್ನುತ್ತಿದ್ದ ಅಪ್ಪ, "ಕಣ್ಣಿದೆ ಅಂತ ಯಾರೂ ಹೇಳಿಲ್ಲ."

ಹನ್ನೊಂದನೆಯ ವಯಸ್ಸಿನಲ್ಲಿ, ಶಾಲೆಗೆ ರಜೆ ಇದ್ದಾಗ, ಅವಳು ತಾನಾಗಿಯೇ ಒಂದು ಮಿಂಚುಳ್ಳಿಯ ಒಂದು ಮಗ್ಗುಲಿಗೆ ಗರಿ ಜೋಡಿಸಿದಳು. ಮೂರು ದಿನ ಹಿಡಿಯಿತು. ಸಂಜೆ ಬಿಟ್ಟು ಹೋಗುವಾಗ ಅದು ನೀರಿಗೆ ಬಿದ್ದೆದ್ದ ಕೋಳಿಮರಿಯ ಹಾಗಿತ್ತು. ಅಳು ನುಂಗಿಕೊಂಡು ಮನೆಗೆ ಹೋದಳು. ಎರಡು ದಿನ ಬಿಟ್ಟು ಬಂದು ನೋಡಿದರೆ ಗಾಜಿನ ಹಿಂದೆ ಮಿಂಚುಳ್ಳಿ ಈಗ ಹಾರುತ್ತೇನೆ ಎನ್ನುವಂತೆ ಕೂತಿತ್ತು. ನೋಡಿದವರೆಲ್ಲ, "ಅಪ್ಪನ ಕೈಚಳಕ ಅಂದ್ರೆ ಇದು!" ಎಂದರು. ಅವಳಿಗೂ ಹಾಗೇ ಅನ್ನಿಸಿತು. ತನ್ನ ಕೆಟ್ಟ ಕೆಲಸವನ್ನು ಗೋಡೆಯ ಕಡೆಗೆ ತಿರುಗಿಸಿ, ಇನ್ನೊಂದು ಮಗ್ಗುಲಿಗೆ ಅಪ್ಪ ತಾನೇ ಗರಿ ಜೋಡಿಸಿಬಿಟ್ಟಿದ್ದಾನೆ.

"ಅಪ್ಪಾ, ಅದು ನಂದಾ?" ಎಂದು ಕೇಳಿದ್ದಳು.

"ಇನ್ನೇನು, ನಿಮ್ಮಜ್ಜಂದಾ? ಆ ಚಿಮಟ ಕೊಡು," ಎಂದಿದ್ದ ಅಪ್ಪ.

ಅಷ್ಟೇ. ಅವನು ತಮಾಷೆ ಮಾಡಿದನೋ, ನಿಜ ಹೇಳಿದನೋ, ಮಗಳ ಮನಸ್ಸು ನೋಯದಿರಲೆಂದು ಹೇಳಿದನೋ, ಕಣ್ಣು ಮುಚ್ಚುವವರೆಗೂ ಬಾಯಿ ಬಿಡಲಿಲ್ಲ. ಹಸಿ ಅಂಟು ಒಣಗಿದ ಮೇಲೆ ಗರಿ ತಾನಾಗಿಯೇ ಎದ್ದು ಕೂರುತ್ತದೆ ಎಂದು ಅವಳಿಗೆ ಆಮೇಲೆ ತಿಳಿಯಿತು. ಆದರೆ ಅಷ್ಟರಲ್ಲಿ ಅನುಮಾನ ಬೇರು ಬಿಟ್ಟಾಗಿತ್ತು. ಮೂವತ್ತಾರು ವರ್ಷದಲ್ಲಿ ಅವಳು ಆ ಹಜಾರದ ಎಲ್ಲ ಬೀರುಗಳನ್ನೂ ತೆಗೆದಿದ್ದಳು, ಮಿಂಚುಳ್ಳಿಯದೊಂದನ್ನು ಬಿಟ್ಟು. ನೋಡಿದರೆ ಗೊತ್ತಾಗಿಬಿಡುತ್ತದಲ್ಲ ಎಂಬ ಭಯ. ಉಳಿದ ಹಕ್ಕಿಗಳೋ, ಯಾರೋ ಮಾಡಿಟ್ಟವು. ಅವಳದು ಬರೀ ರಿಪೇರಿ. ಕೆಲಸದಿಂದ ನಿವೃತ್ತಿಯಾಗಲು ಒಂದು ವರ್ಷ ಉಳಿದಿತ್ತು. ಇದು ನನ್ನ ಕೈಯದು, ಬೇರೆ ಯಾರದೂ ಅಲ್ಲ ಎಂದು ಬೆರಳಿಟ್ಟು ತೋರಿಸುವಂಥದು ಒಂದಾದರೂ ಜನ ಓಡಾಡುವ ಕಡೆ ನಿಲ್ಲಬೇಕು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ, ಅದನ್ನು ಯಾರಿಗೂ ಹೇಳಿರಲಿಲ್ಲ.

ಆಗ, ಅಂದರೆ ಏಳು ತಿಂಗಳ ಹಿಂದೆ, ಮೂಳೆ ಡಾಕ್ಟರು ಬಂದರು. ಕಲ್ಲಾಗಿ ಹೋದ ಮೂಳೆಗಳನ್ನು ಓದುವ ಸಣ್ಣ ವಯಸ್ಸಿನ ಹೆಂಗಸು. ಬಂದ ವಾರದಲ್ಲೇ ಬಾಗಿಲು ಕಾಯುವವನು ತನ್ನ ಮಂಡಿ ತೋರಿಸಲು ಹೋಗಿ, "ಇನ್ನೂ ಇಪ್ಪತ್ತು ಕೋಟಿ ವರ್ಷ ಕಾಯಿರಿ, ಆಮೇಲೆ ನೋಡ್ತೀನಿ," ಅನ್ನಿಸಿಕೊಂಡು ಬಂದಿದ್ದ. ಆಕೆ ನೆಲಮಾಳಿಗೆಗೆ ಇಳಿದು ಬಂದು ಗರಿಯಮ್ಮನ ಎದುರಿಗೆ ಸ್ಟೂಲಿನ ಮೇಲೆ ಕೂತರು.

"ಅಮ್ಮಾ, ಒಂದು ಡೈನೋಸಾರ್ ಮಾಡಿಸ್ತಾ ಇದೀವಿ. ಮಾಂಸ ತಿನ್ನೋ ಡೈನೋಸಾರ್‌ಗಳಲ್ಲಿ ಬಹಳ ಹಳೇದು, ಇಪ್ಪತ್ಮೂರು ಕೋಟಿ ವರ್ಷದ ಹಿಂದಿಂದು. ದೊಡ್ಡ ನಾಯಿಯಷ್ಟು ಎತ್ತರ. ಅದಕ್ಕೆ ನೀವು ಗರಿ ಜೋಡಿಸಿ ಕೊಡಬೇಕು."

"ಅದಕ್ಕೆ ಗರಿ ಇತ್ತಾ ಡಾಕ್ಟ್ರೇ?"

"ಗೊತ್ತಿಲ್ಲ."

"ಹಾಗಾದ್ರೆ ಇರ್ಲಿಲ್ವಾ?"

"ಅದೂ ಗೊತ್ತಿಲ್ಲ."

ಗರಿಯಮ್ಮ ಚಿಮಟ ಕೆಳಗಿಟ್ಟಳು. ಡಾಕ್ಟರು ಬಿಡಿಸಿ ಹೇಳಿದರು. ಎಷ್ಟೋ ಕೋಟಿ ವರ್ಷ ಆದಮೇಲೆ ಬಂದ ಕೆಲವು ಡೈನೋಸಾರ್‌ಗಳು ಕೆರೆಯ ನುಣ್ಣನೆಯ ಕೆಸರಿನಲ್ಲಿ ಹೂತುಹೋದವು. ಅವುಗಳ ಗರಿಯ ಅಚ್ಚು ಕಲ್ಲಿನಲ್ಲಿ ಉಳಿದಿದೆ. ಇನ್ನು ಕೆಲವು ಬಿಟ್ಟುಹೋದ ಅಚ್ಚಿನಲ್ಲಿ ಹಲ್ಲಿಯ ಮೈಮೇಲಿನಂಥ ಹುರುಪೆ ಇದೆ. ಆದರೆ ಈ ಮೊದಲಿನವುಗಳದು ಬರೀ ಮೂಳೆ. ಒಂದು ಬೆರಳಗಲ ಚರ್ಮವೂ ಯಾರಿಗೂ ಸಿಕ್ಕಿಲ್ಲ.

"ಮೊಮ್ಮಕ್ಕಳ ಫೋಟೋ ಇದೆ, ಅಜ್ಜನ ಫೋಟೋ ಇಲ್ಲ ಅಂದ್ಕೊಳ್ಳಿ. ಮೊಮ್ಮಗನಿಗೆ ಗುಂಗುರು ಕೂದಲು ಅಂದ್ರೆ ಅಜ್ಜನಿಗೂ ಇತ್ತು ಅನ್ನಕ್ಕಾಗುತ್ತಾ?"

"ಅಜ್ಜಿ ಕಡೆಯಿಂದ ಬಂದಿದ್ರೂ ಬಂದಿರಬಹುದು," ಎಂದಳು ಗರಿಯಮ್ಮ.

ಡಾಕ್ಟರು ನಕ್ಕರು. ಆಮೇಲೆ ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಿದರು. ನಿರ್ದೇಶಕರಿಗೆ ಗರಿ ಬೇಕಿಲ್ಲ, ಬೋಳು ಮೈಯೇ ಬೇಕು. ಜನ ಹೆದರಿಕೊಳ್ಳಲು ಬರುತ್ತಾರೆ, ಕೋಳಿ ನೋಡಲು ಬರುವುದಿಲ್ಲ ಎನ್ನುತ್ತಾರೆ. ಮೈತುಂಬ ಹುರುಪೆಯ ಅಚ್ಚೊತ್ತಿದ ರಬ್ಬರಿನ ಪ್ರಾಣಿ ಈಗಾಗಲೇ ಸಿದ್ಧವಾಗಿದೆ. ಅದರ ಮೇಲೆ ಗರಿ ಕೂರಿಸಿ ಹಜಾರದಲ್ಲಿ ನಿಲ್ಲಿಸುವುದು. ನಿರ್ದೇಶಕರು ಕಣ್ಣಾರೆ ನೋಡಿ ಒಪ್ಪಿದರೆ ಹಾಗೆಯೇ ಉಳಿಯುತ್ತದೆ, ಒಪ್ಪದಿದ್ದರೆ ಗರಿಯೆಲ್ಲ ಕಿತ್ತುಬಿಡುವುದು.

"ಕಿತ್ತುಬಿಡೋದಾ?" ಎಂದಳು ಗರಿಯಮ್ಮ. ಆದರೂ ಒಪ್ಪಿಕೊಂಡಳು.

ಹಕ್ಕಿಯ ಗರಿಯಂಥ ಗರಿ ಆಗುವುದಿಲ್ಲ, ಇದ್ದಿದ್ದರೆ ನೂಲಿನಂಥದು ಇದ್ದಿರಬೇಕು ಎಂದು ಡಾಕ್ಟರು ಹೇಳಿದ್ದರು. ಗರಿಯಮ್ಮ ಕೋಳಿ ಅಂಗಡಿಯಿಂದ ಚೀಲಗಟ್ಟಲೆ ಪುಕ್ಕ ತರಿಸಿ, ಸೋಪಿನ ನೀರಿನಲ್ಲಿ ತೊಳೆದು, ಮರದ ಹೊಟ್ಟಿನಲ್ಲಿ ಹೊರಳಿಸಿ ಒಣಗಿಸಿದಳು. ಒಂದೊಂದನ್ನೂ ಬ್ಲೇಡಿನಿಂದ ಸೀಳಿ ಎಳೆ ತೆಗೆದಳು. ಕಡು ಚಹಾದಲ್ಲಿ ಕುದಿಸಿ ಬಣ್ಣ ಏರಿಸಿದಳು. ಬಾಲದ ತುದಿಯಿಂದ ಶುರುಮಾಡಿ ಕತ್ತಿನ ಕಡೆಗೆ, ಸೂರಿಗೆ ಹೆಂಚು ಹೊದಿಸಿದ ಹಾಗೆ, ಸಾಲಿನ ಮೇಲೆ ಸಾಲು. ದಿನಕ್ಕೆ ಅಂಗೈಯಗಲ ಮುಗಿದರೆ ಹೆಚ್ಚು.

"ಈ ಬಣ್ಣ ಯಾರು ಹೇಳಿದ್ರಮ್ಮಾ?" ಒಂದು ದಿನ ಡಾಕ್ಟರು ಬಾಗಿಲಲ್ಲಿ ನಿಂತು ಕೇಳಿದರು. ಬೆನ್ನು ಸುಟ್ಟ ಇಟ್ಟಿಗೆಯ ಬಣ್ಣ, ಹೊಟ್ಟೆ ಮರಳಿನ ಬಣ್ಣ.

"ಕಂಡಿದ್ದೇ ಹಾಗೆ," ಎಂದಳು ಗರಿಯಮ್ಮ. ತುಟಿ ಮೀರಿ ಬಂದ ಮಾತು. ಆಮೇಲೆ ಹೊಳೆಯ ವಿಷಯ, ಮರಳಿನ ವಿಷಯ, ಅದು ಯಾವಾಗಲೂ ಒಂದೇ ದಿಕ್ಕಿಗೆ ನಡೆಯುವ ವಿಷಯ ಹೇಳಲೇಬೇಕಾಯಿತು. ಡಾಕ್ಟರು ನಗಲಿಲ್ಲ.

"ನನಗೂ ಬರುತ್ತೆ," ಎಂದರು. "ಆದ್ರೆ ನನ್ನದು ಬರೀ ಮೂಳೆ. ಕಟಕಟ ಅಂತ ನಡೆದು ಹೋಗುತ್ತೆ."

ಆ ದಿನದಿಂದ ಇಬ್ಬರ ನಡುವೆ ಒಂದು ಸಲಿಗೆ ಬೆಳೆಯಿತು. ಡಾಕ್ಟರು ದಿನಕ್ಕೊಮ್ಮೆ ಬಾಗಿಲಲ್ಲಿ ಇಣುಕಿ, "ಇವತ್ತು ಬಂದಿತ್ತಾ?" ಎಂದು ಕೇಳಿ ಹೋಗುತ್ತಿದ್ದರು. ಬಾಗಿಲಲ್ಲೇ ನಿಲ್ಲಬೇಕಿತ್ತು, ಏಕೆಂದರೆ ಕೋಣೆ ಇಕ್ಕಟ್ಟು. ಪ್ರಾಣಿಯ ಬಲಮಗ್ಗುಲು ಗೋಡೆಗೆ ತಾಗುವಂತೆ ಕಬ್ಬಿಣದ ತೋಳಿನಲ್ಲಿ ಬಿಗಿದಿತ್ತು. ಗರಿಯಮ್ಮನ ಕೈ ಮೂವತ್ತಾರು ವರ್ಷ ಮಾಡಿದ್ದನ್ನೇ ಮಾಡಿತು. ಗೋಡೆಯ ಕಡೆಗೆ ಒಂದು ಎಳೆಯನ್ನೂ ಹಚ್ಚಲಿಲ್ಲ. ಹಚ್ಚಬೇಕೆಂದು ಅವಳಿಗೆ ಹೊಳೆಯಲೂ ಇಲ್ಲ. ಪ್ರಾಣಿ ನಿಲ್ಲುವ ಕಟ್ಟೆಯ ನಕ್ಷೆ ಮೇಲಿನ ಆಫೀಸಿನಲ್ಲಿತ್ತು. ನೆಲಮಾಳಿಗೆಗೆ ಮೇಲಿನಿಂದ ಇಳಿದು ಬರುತ್ತಿದ್ದದ್ದು ಧೂಳು ಮಾತ್ರ, ಕಾಗದ ಪತ್ರವಲ್ಲ.

ನೋಡುವ ದಿನ ಬಂತು. ಬೆಳಿಗ್ಗೆ ಹತ್ತು ಗಂಟೆಗೆ ನಾಲ್ಕು ಜನ ಪ್ರಾಣಿಗೆ ಬಿಳಿ ಬಟ್ಟೆ ಹೊದಿಸಿ ಹೊತ್ತುಕೊಂಡು ಮೆಟ್ಟಿಲು ಹತ್ತಿದರು. ಇಸ್ತ್ರಿ ಮಾಡಿದ ಸೀರೆ ಉಟ್ಟ ಗರಿಯಮ್ಮ, ಅಲ್ಲಿ ಇಲ್ಲಿ ಉದುರಿದರೆ ಇರಲಿ ಎಂದು ಒಂದು ಹಿಡಿ ಎಳೆ, ಅಂಟಿನ ಡಬ್ಬಿ ಹಿಡಿದು ಹಿಂದೆ ಬಂದಳು. ಹಜಾರಕ್ಕೆ ಕಾಲಿಟ್ಟವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಮೇಲಿನ ಗಾಜಿನಿಂದ ಬೆಳಕು ಬೀಳುವ ನಟ್ಟನಡುವೆ ದುಂಡನೆಯ ಕಟ್ಟೆ.

"ಸುತ್ತಲೂ ಓಡಾಡಿ ನೋಡೋ ಹಾಗೆ ಮಾಡಿದೀನಿ ನೋಡಿ!" ಎಂದ ಬಡಗಿ, ಕಟ್ಟೆಯ ಅಂಚು ಸವರುತ್ತ.

"ಅಣ್ಣಾ, ಅದನ್ನ ಸ್ವಲ್ಪ ಗೋಡೆ ಹತ್ರ ಸರಿಸಕ್ಕಾಗಲ್ವಾ?"

"ದುಂಡಗಿರೋದಕ್ಕೆ ಗೋಡೆ ಯಾವ ಕಡೆ ಹುಡುಕ್ಲಮ್ಮಾ?"

ಅಷ್ಟರಲ್ಲಿ ನಿರ್ದೇಶಕರು ಬಂದರು. ಬಟ್ಟೆ ಎಳೆದರು. ಅವರು ನಿಂತಿದ್ದದ್ದು ಎಡಗಡೆ. ಬಿಸಿಲು ಆ ನವಿರಿನ ಮೇಲೆ ಬಿದ್ದು, ಜನ ನಡೆದಾಡುವ ಗಾಳಿಗೇ ಎಳೆಗಳು ಅಲುಗಿದವು. ಪ್ರಾಣಿ ಉಸಿರಾಡಿದಂತೆ ಕಂಡಿತು. ಬೋಳು ಮೈಯೇ ಬೇಕೆಂದಿದ್ದ ಮನುಷ್ಯ ಎರಡು ಹೆಜ್ಜೆ ಹಿಂದಕ್ಕೆ ಸರಿದು, ಕನ್ನಡಕ ಒರೆಸಿಕೊಂಡರು. ಗರಿಯಮ್ಮ ಮನಸ್ಸಿನಲ್ಲೇ ಕೈಮುಗಿದಳು: ಇಲ್ಲೇ ನಿಂತಿರಲಿ, ಆ ಕಡೆಗೆ ಹೋಗದಿರಲಿ. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಸುತ್ತು ಬಂದರು.

"ಏನಿದು?"

ಬಲಗಡೆಯಲ್ಲಿ ತಲೆಯಿಂದ ಬಾಲದವರೆಗೆ ಬರೀ ಹುರುಪೆ, ತಣ್ಣಗೆ, ಬೂದುಬಣ್ಣಕ್ಕೆ ಹೊಳೆಯುತ್ತಿತ್ತು.

"ಅದು ಗೋಡೆ ಕಡೆ, ಸರ್," ಎಂದಳು ಗರಿಯಮ್ಮ.

"ಯಾವ ಗೋಡೆ?"

ಅವಳು ಸುತ್ತ ನೋಡಿದಳು. ಹತ್ತಿರದ ಗೋಡೆ ಎಂದರೆ ನಲವತ್ತು ಅಡಿ ಆಚೆಗಿತ್ತು. ಬಡಗಿ ನಗು ತಡೆಯಲಾರದೆ ಕೆಮ್ಮಿದ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವಳಿಗೆ. "ತಪ್ಪಾಯ್ತು ಸರ್. ನಾಲ್ಕು ತಿಂಗಳು ಕೊಡಿ, ಹಗಲು ರಾತ್ರಿ ಕೂತು ಆ ಕಡೆನೂ ಮುಗಿಸಿ ಕೊಡ್ತೀನಿ," ಎಂದಳು.

"ಹೊಸ ಪ್ರದರ್ಶನದ ಬಾಗಿಲು ತೆರೆಯೋದು ಮುಂದಿನ ವಾರ. ನಾಲ್ಕು ತಿಂಗಳು ಎಲ್ಲಿಂದ ತರಲಿ? ಈ ಕಡೆದನ್ನೂ ಕಿತ್ತುಬಿಡಿ, ಎರಡೂ ಕಡೆ ಒಂದೇ ಥರ ಆಗುತ್ತೆ."

ಗರಿಯಮ್ಮ ಅಂಟಿನ ಡಬ್ಬಿಯನ್ನು ಕಟ್ಟೆಯ ಅಂಚಿನ ಮೇಲಿಟ್ಟಳು. ಏಳು ತಿಂಗಳು. ಮೂಳೆ ಡಾಕ್ಟರು ಮಾತ್ರ ಈ ಮಾತು ಯಾವುದನ್ನೂ ಕೇಳಿಸಿಕೊಂಡಂತೆ ಇರಲಿಲ್ಲ. ಕಟ್ಟೆಯ ಸುತ್ತ ಒಂದು ಸುತ್ತು ಹಾಕಿದರು, ಎರಡು, ಮೂರು. ಅವರ ಮುಖದಲ್ಲಿ ಹಬ್ಬಿದ್ದ ಸಂತೋಷ ನೋಡಿ ಗರಿಯಮ್ಮನಿಗೆ ಇವರಿಗೇನಾಯಿತು ಎಂದು ಗಾಬರಿಯಾಯಿತು.

"ಸರ್," ಎಂದರು ಡಾಕ್ಟರು, "ಎರಡರಲ್ಲಿ ಯಾವ ಕಡೆ ತಪ್ಪು ಅಂತ ಹೇಳಿ. ತಪ್ಪಿರೋ ಕಡೆ ಸರಿ ಮಾಡಿಸ್ತೀನಿ."

"ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡಿ. ಓದಿದವರು ನೀವು. ನೀವೇ ಹೇಳಿ."

"ನನಗೆ ಗೊತ್ತಿಲ್ಲ, ಸರ್. ನನಗೊಬ್ಬಳಿಗೇ ಅಲ್ಲ, ಯಾರಿಗೂ ಗೊತ್ತಿಲ್ಲ. ಅದನ್ನ ಬೋರ್ಡಿನಲ್ಲಿ ಹೇಗೆ ಬರೆಯೋದು ಅಂತ ನಾನು ಇಲ್ಲಿಗೆ ಬಂದಾಗಿನಿಂದ ಒದ್ದಾಡ್ತಾ ಇದ್ದೆ. ಅಮ್ಮ ಮಾಡಿ ನಿಲ್ಲಿಸಿಬಿಟ್ರು."

ನಿರ್ದೇಶಕರು ಎಡಗಡೆಗೆ ಹೋದರು. ಬಲಗಡೆಗೆ ಬಂದರು. ಮತ್ತೆ ಎಡಗಡೆಗೆ ಹೋಗಿ, ಅಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತರು. ಕೊನೆಗೆ, "ಸದ್ಯಕ್ಕೆ ಇರಲಿ," ಎಂದು ಹೇಳಿ ಹೊರಟುಹೋದರು.

ಸದ್ಯಕ್ಕೆಂದು ಇಟ್ಟದ್ದು ಅಲ್ಲೇ ಬೇರೂರಿತು. ಬಾಗಿಲು ತೆರೆದ ದಿನದಿಂದ ಜನ ಆ ಕಟ್ಟೆಯನ್ನು ಸುತ್ತುವುದೇ ಸುತ್ತುವುದು. ಗರಿಯ ಕಡೆ ನಿಂತವರು ದನಿ ತಗ್ಗಿಸುತ್ತಿದ್ದರು, ಹುರುಪೆಯ ಕಡೆ ಬಂದವರು ಮಕ್ಕಳ ಕೈ ಗಟ್ಟಿಯಾಗಿ ಹಿಡಿಯುತ್ತಿದ್ದರು. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ ನಿಂತು ವಾದ ಮಾಡಿ, ತೀರ್ಮಾನವಾಗದೆ ಮುನಿಸಿಕೊಂಡು ಹೋದದ್ದೂ ಉಂಟು. ಎಲ್ಲರೂ ಗರಿಯಮ್ಮನನ್ನು ಹೊಗಳಿದರು. ಅವಳಿಗೆ ಮಾತ್ರ ಅದು ಒಗ್ಗಲಿಲ್ಲ. ಗರಿ ಉಳಿಯಿತು, ನಿಜ. ಆದರೆ ಉಳಿಸಿದ್ದು ಅವಳ ಕೈಯಲ್ಲ, ಅವಳ ತಪ್ಪು. ಮಧ್ಯಾಹ್ನ ಒರಗಿದರೆ ಹೊಳೆ ಬರುತ್ತಿತ್ತು, ಮರಳು ಬರುತ್ತಿತ್ತು. ಪ್ರಾಣಿ ಬರುತ್ತಿರಲಿಲ್ಲ. ಅವಳು ದಂಡೆಯಲ್ಲಿ ಕಾದು ಕೂತು ಬರಿಗೈಲಿ ಎದ್ದು ಬರುತ್ತಿದ್ದಳು.

ಎರಡು ತಿಂಗಳಾದ ಮೇಲೆ ಮೇಲಿನಿಂದ ಇನ್ನೊಂದು ಆಜ್ಞೆ ಹೊರಟಿತು. ಜನ ಸುತ್ತುವುದನ್ನು ಕಂಡ ನಿರ್ದೇಶಕರಿಗೆ ಹುರುಪು ಬಂದಿತ್ತು. ಹಕ್ಕಿಯ ಬೀರುಗಳನ್ನೆಲ್ಲ ಗೋಡೆಯಿಂದ ಈಚೆಗೆ ಎಳೆದು ನಾಲ್ಕೂ ಕಡೆ ಗಾಜು ಹಾಕಿಸಬೇಕು; ಅದಕ್ಕೆ ಮುಂಚೆ ಗರಿಯಮ್ಮ ಅವುಗಳ ಹಿಂಬದಿಯನ್ನು ಒಪ್ಪವಾಗಿಸಬೇಕು. ಅಂದರೆ ಮಿಂಚುಳ್ಳಿಯ ಬೀರೂ ಬಂತು. ನಲವತ್ತೇಳು ವರ್ಷ ಮುಚ್ಚಿಟ್ಟದ್ದನ್ನು ಈಗ ಬಡಗಿ ಬಂದು ಎಲ್ಲರೆದುರು ತಿರುಗಿಸಿಬಿಡುತ್ತಾನೆ. ಅದಕ್ಕಿಂತ ಮೊದಲು ತಾನೊಬ್ಬಳೇ ನೋಡಿಬಿಡುವುದು ಮೇಲು ಅನ್ನಿಸಿತು ಅವಳಿಗೆ.

"ನಿಮ್ಮ ಕೈಗನ್ನಡಿ ಒಂದು ದಿನಕ್ಕೆ ಕೊಡ್ರೀ," ಎಂದು ಗಂಡನನ್ನು ಕೇಳಿದಳು. ಕ್ಷೌರ ಮುಗಿದ ಮೇಲೆ ಗಿರಾಕಿಯ ಹಿಂದಲೆ ತೋರಿಸುವ ಕನ್ನಡಿ ಅದು.

"ಯಾಕೆ? ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?"

"ಅಂಗೈದಲ್ಲ, ಬೆನ್ನ ಹಿಂದಿಂದು."

ಗಂಡ ಅವಳ ಮುಖ ನೋಡಿದ. ಮಿಂಚುಳ್ಳಿಯ ಕತೆ ಅವನಿಗೆ ಗೊತ್ತಿತ್ತು. ಕನ್ನಡಿಯನ್ನು ಟವೆಲಿನಲ್ಲಿ ಒರೆಸಿ ಕೊಟ್ಟು, "ನೋಡಿಬಿಡು ಮಾರಾಯ್ತಿ. ನಮ್ಮಲ್ಲಿ ಹಿಂದೆ ಹೇಗಿದೆ ಅಂತ ನೋಡದೆ ಯಾರೂ ಕುರ್ಚಿ ಬಿಟ್ಟು ಏಳಲ್ಲ," ಎಂದ.

ಮರುದಿನ ಬೆಳಿಗ್ಗೆ, ಜನ ಬರುವ ಮುಂಚೆ, ಅವಳು ಆ ಬೀರಿನ ಪಕ್ಕದ ಬಾಗಿಲಿಗೆ ಬೀಗದಕೈ ಹಾಕಿದಳು. ಹಳೆಯ ಕರ್ಪೂರದ ವಾಸನೆ ಬಂತು. ಮಿಂಚುಳ್ಳಿ ಈಗ ಹಾರುತ್ತೇನೆ ಎಂದು ಕೂತೇ ಇತ್ತು. ಕನ್ನಡಿಯನ್ನು ಅದರ ಹಿಂದಕ್ಕೆ ಜಾರಿಸಿ ಬಗ್ಗಿ ನೋಡಿದಳು.

ಗರಿ ಇರಲಿಲ್ಲ. ಕಪ್ಪು ದಾರದ ಉದ್ದುದ್ದ ಹೊಲಿಗೆ. ಅಪ್ಪನ ಹೊಲಿಗೆ, ಅವಸರದ್ದು, ಕೊನೆಯಲ್ಲಿ ಎರಡು ಗಂಟು. ಸೀಳಿನಿಂದ ಹಳದಿಯಾದ ಪತ್ರಿಕೆಯ ತುಣುಕೊಂದು ಇಣುಕುತ್ತಿತ್ತು. ಅವಳ ಕೆಟ್ಟ ಕೆಲಸ ಅಲ್ಲಿ ಎಲ್ಲೂ ಇರಲಿಲ್ಲ.

ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹಕ್ಕಿಗೆ ಗರಿ ಇದ್ದದ್ದು ಒಂದೇ ಮಗ್ಗುಲಿಗೆ. ಆ ಮಗ್ಗುಲು ಜೋಡಿಸಿದವಳು ಅವಳು. ಅಪ್ಪ ಒಂದು ಗರಿಯನ್ನೂ ಮುಟ್ಟಿರಲಿಲ್ಲ. ಹಿಂದೆ ನಾಲ್ಕು ಹೊಲಿಗೆ ಹಾಕಿ, ಮಗಳ ಕೆಲಸವನ್ನು ಜನರ ಕಡೆಗೆ ತಿರುಗಿಸಿ ಇಟ್ಟಿದ್ದ. ನಲವತ್ತೇಳು ವರ್ಷ ಶಾಲೆಯ ಮಕ್ಕಳು ಗಾಜಿಗೆ ಮೂಗೊತ್ತಿ ನೋಡಿದ್ದು ಹನ್ನೊಂದು ವರ್ಷದ ಅವಳ ಕೈಯನ್ನೇ.

"ಒಂದು ಮಾತು ಬಾಯಿಬಿಟ್ಟು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತಪ್ಪಾ?" ಎಂದು ಕನ್ನಡಿಗೆ ಬೈದಳು. ಬೈಯುತ್ತ ಬೈಯುತ್ತ ಅಳು ಬಂತು. ಅವನು ಹೇಳಿದ್ದ, ಇವಳೇ ನಂಬಿರಲಿಲ್ಲ ಎಂಬುದು ಆಮೇಲೆ ನೆನಪಾಗಿ ಇನ್ನಷ್ಟು ಅಳು ಬಂತು. ಸೆರಗಿನಿಂದ ಕನ್ನಡಿ ಒರೆಸಿ, ಬೀರು ಮುಚ್ಚಿ, ಬಡಗಿಯನ್ನು ಹುಡುಕಿಕೊಂಡು ಹೋದಳು.

"ಉಳಿದ ಹಕ್ಕಿಗೆಲ್ಲ ಹಿಂದೆ ಗರಿ ಜೋಡಿಸ್ತೀನಿ ಅಣ್ಣಾ. ಮಿಂಚುಳ್ಳಿಯದು ಹಾಗೇ ಇರುತ್ತೆ. ಅದಕ್ಕೂ ನಾಲ್ಕು ಕಡೆ ಗಾಜು ಹಾಕು."

"ಹೊಲಿಗೆ ಎಲ್ಲರಿಗೂ ಕಾಣುತ್ತಲ್ಲಮ್ಮಾ?"

"ಕಾಣ್ಲಿ. ನಮ್ಮಪ್ಪಂದು."

ಆ ಮಧ್ಯಾಹ್ನ ಬೆಂಚಿನ ಮೇಲೆ ಒರಗಿದಾಗ ಹೊಳೆಯ ಮರಳು ಬೆಚ್ಚಗಿತ್ತು. ಬಹಳ ಹೊತ್ತು ಯಾರೂ ಬರಲಿಲ್ಲ. ಆಮೇಲೆ ಪ್ರಾಣಿ ಬಂತು, ಈ ಸಲ ಎಡಗಡೆಯಿಂದ ಬಲಗಡೆಗೆ, ಹೋದ ದಾರಿಯಲ್ಲಿ ಮನೆಗೆ ವಾಪಸು ಹೊರಟ ಹಾಗೆ. ಅವಳ ಎದುರಿಗೆ ಬಂದು ಒಂದು ಗಳಿಗೆ ನಿಂತು, ಕತ್ತು ಹೊರಳಿಸಿ ನೋಡಿ, ನಡೆದುಹೋಯಿತು.

ಕಣ್ಣು ಬಿಟ್ಟಾಗ ಬಾಗಿಲಲ್ಲಿ ಡಾಕ್ಟರು ನಿಂತಿದ್ದರು. ಅವಳ ಮುಖ ನೋಡಿಯೇ ಅವರಿಗೆ ತಿಳಿಯಿತು.

"ಬಂದಿತ್ತಾ?"

"ಬಂದಿತ್ತು. ಈ ಸಲ ಆ ಕಡೆ ಮಗ್ಗುಲು ತೋರಿಸ್ತು."

ಡಾಕ್ಟರು ಒಳಗೆ ಬಂದುಬಿಟ್ಟರು. ಓದಿದ ಓದೆಲ್ಲ ಮರೆತು, ಮಗುವಿನ ಹಾಗೆ ಪಿಸುಗುಟ್ಟಿದರು: "ಏನಿತ್ತಮ್ಮಾ? ಗರಿನಾ, ಹುರುಪೆನಾ?"

"ಹೊಲಿಗೆ," ಎಂದಳು ಗರಿಯಮ್ಮ. "ಆ ಚಿಮಟ ಕೊಡಿ."